ಆಕಾಶದ ತೂಕ ಎಂಬತ್ತೆರಡು ಕಿಲೋ

ಸೆಪ್ಟೆಂಬರ್ 2, ಮಂಗಳವಾರ

ಇವತ್ತಿನಿಂದ ನಾನು ತೂಕದ ಮನುಷ್ಯ. ಮ್ಯಾನೇಜರ್ ಬಾಯಿಂದಲೇ ಬಂದ ಮಾತು. ಹದಿನೇಳು ವರ್ಷ ಈ ನಾಟಕಶಾಲೆಯ ಕಚೇರಿಯಲ್ಲಿ ಕೂತು ಕರಪತ್ರ, ಪ್ರಕಟಣೆ, ಮಧ್ಯಂತರದ ನಗೆಚಟಾಕಿ ಬರೆದುಕೊಂಡಿದ್ದವನಿಗೆ ಕೊನೆಗೂ ಒಂದು ಭಾರವಾದ ಕೆಲಸ ಬಂದಿದೆ. ಭಾರೀ ಖುಷಿ.

ಕೆಲಸ ಇಷ್ಟು. ರಂಗದ ಮೇಲೆ, ಪ್ರೇಕ್ಷಕರ ಕಣ್ಣಿಗೆ ಬೀಳದ ಎತ್ತರದಲ್ಲಿ, ನಲವತ್ತಮೂರು ಕಬ್ಬಿಣದ ಪೈಪುಗಳು ತೂಗುತ್ತಿವೆ. ಒಂದೊಂದಕ್ಕೂ ಒಂದು ಪರದೆ: ಕಾಡು, ಅರಮನೆ, ಬೀದಿ, ಸೆರೆಮನೆ. ಪೈಪಿನ ಹಗ್ಗ ಮೇಲಿನ ರಾಟೆಯನ್ನು ಹಾದು ಪಕ್ಕದ ಗೋಡೆಗುಂಟ ಬಂದು ಒಂದು ಕಬ್ಬಿಣದ ತೊಟ್ಟಿಲಿಗೆ ಸೇರುತ್ತದೆ. ಪರದೆ ಎಷ್ಟು ಭಾರವೋ ಅಷ್ಟೇ ಭಾರದ ಕಬ್ಬಿಣದ ಇಟ್ಟಿಗೆಗಳನ್ನು ಆ ತೊಟ್ಟಿಲಿಗೆ ತುಂಬಿದರೆ ಎರಡೂ ಸಮ. ಆಮೇಲೆ ಒಬ್ಬನೇ ಮನುಷ್ಯ ಇಡೀ ಅರಮನೆಯನ್ನು ಎತ್ತಿ ಇಳಿಸಬಹುದು. ಹದಿನೇಳು ವರ್ಷ ಇದರ ಕೆಳಗೇ ಓಡಾಡಿದ ನನಗೆ ಇದು ಸರಿಯಾಗಿ ತಿಳಿದದ್ದು ಇವತ್ತು, ಅದೂ ಹಗ್ಗದಣ್ಣ ಕರೆದುಕೊಂಡು ಹೋಗಿ ತೋರಿಸಿದ ಮೇಲೆ. ಆ ಒಬ್ಬನೇ ಮನುಷ್ಯ ಅವನೇ. ಮೂವತ್ತೊಂದು ವರ್ಷದಿಂದ ಎಳೆಯುತ್ತಿದ್ದಾನೆ. ಅವನಿಗೆ ಓದು ಬಾರದು. ಇಟ್ಟಿಗೆಯನ್ನು ಕೈಯಲ್ಲಿ ಒಮ್ಮೆ ಆಡಿಸಿ ಇಷ್ಟು ಎನ್ನುತ್ತಾನೆ, ಅಷ್ಟೇ ಇರುತ್ತದೆ.

ಹಳೆಯ ಇಟ್ಟಿಗೆಗಳೆಲ್ಲ ಪೌಂಡಿನವು. ಹೊಸದಾಗಿ ಬಂದವು ಕಿಲೋದವು. ತಪಾಸಣೆಗೆ ಬಂದ ಅಧಿಕಾರಿ, ಒಂದೇ ಮನೆಯಲ್ಲಿ ಎರಡು ತೂಕ ಇರಬಾರದು, ಪೌಂಡನ್ನು ಪೂರ್ತಿ ಬಿಟ್ಟುಬಿಡಿ ಎಂದು ಬರೆದಿಟ್ಟು ಹೋದರು. ಹಾಗಾಗಿ ಹಳೆಯ ತೂಕದ ಪಟ್ಟಿಯ ನಲವತ್ತಮೂರು ಸಾಲನ್ನೂ ಕಿಲೋಗೆ ಇಳಿಸಬೇಕು. "ಓದಿದೋರು ಇರೋದು ಇನ್ಯಾತಕ್ಕೆ?" ಎಂದರು ಮ್ಯಾನೇಜರ್. ನಾನು ಓದಿದ್ದು ಸಾಹಿತ್ಯ ಎಂದು ಜ್ಞಾಪಿಸಲು ಹೋಗಲಿಲ್ಲ. ಒಂದು ಪೌಂಡು ಎಂದರೆ 0.4536 ಕಿಲೋ. ಗುಣಿಸಿದರೆ ಆಯಿತು. ಇದಕ್ಕೆ ಅಲಂಕಾರಶಾಸ್ತ್ರವೇನೂ ಬೇಕಾಗಿಲ್ಲ.

ಸೆಪ್ಟೆಂಬರ್ 4, ಗುರುವಾರ

ಎರಡು ಸಂಜೆಗೆ ಮುಗಿಸಿದೆ. ತೂಕದ ಕೆಲಸವಾದ್ದರಿಂದ ಕೊನೆಕೊನೆಗೆ ತೂಕಡಿಕೆಯೂ ಬಂತು. ನಮ್ಮಾಕೆ ಶಾಲೆಯ ಪುಸ್ತಕಗಳನ್ನು ತಿದ್ದುತ್ತಾ ಎದುರಿಗೇ ಕೂತಿದ್ದಳು.

"ರೀ, ಒಂದ್ಸಲ ನಾನು ಕಣ್ಣಾಡಿಸ್ಲಾ?"

"ನೀನು ಮೂರನೇ ಕ್ಲಾಸಿನ ಟೀಚರಮ್ಮ. ಇದು ದಶಮಾಂಶ ಕಣೇ. ನಿನ್ನ ಮಕ್ಕಳು ಇನ್ನೂ ಅಲ್ಲಿಗೆ ಬಂದಿಲ್ಲ."

"ಮಕ್ಕಳು ಬಂದಿಲ್ಲ. ನೀವು ಬಂದಿದೀರಾ ಅಂತ ನೋಡೋಣ ಅಂತ."

ಕೊಡಲಿಲ್ಲ. ಅಚ್ಚುಕಟ್ಟಾದ ಕೆಂಪು ಗೀಟು ಎಳೆದು, ಮೇಲೆ ದಪ್ಪಗೆ 'ಕಿಲೋ' ಎಂದು ಬರೆದು, ಫೈಲಿನಲ್ಲಿಟ್ಟೆ. ಇಷ್ಟು ಅಂದವಾದ ಹಾಳೆಯನ್ನು ನಾನು ಪ್ರೇಮಪತ್ರಕ್ಕೂ ಬಳಸಿರಲಿಲ್ಲ ಎಂದೆ. "ಗೊತ್ತು, ನನಗೆ ಬಂದಿದ್ದು ಕ್ಯಾಲೆಂಡರಿನ ಹಿಂಭಾಗ" ಎಂದಳು.

ಸೆಪ್ಟೆಂಬರ್ 8, ಸೋಮವಾರ

ಮುಂದಿನ ನಾಟಕಕ್ಕಾಗಿ ಹೊಸ ಆಕಾಶ ಏರಿಸಿದರು. ರಂಗದ ಅಗಲಕ್ಕೂ ಹಬ್ಬುವ ದಪ್ಪ ಬಟ್ಟೆ, ಮೇಲೆ ಮೋಡ, ಒಂದು ಮೂಲೆಯಲ್ಲಿ ಮುಳುಗುವ ಸೂರ್ಯ. ಪಟ್ಟಿಯ ಕೊನೆಯ ಸಾಲು ಅದೇ. ಇಟ್ಟಿಗೆ ತುಂಬುವ ಅಟ್ಟದ ಮೇಲೆ ನಾನೂ ಹಗ್ಗದಣ್ಣನೂ ಇಬ್ಬರೇ ಇದ್ದೆವು. ನಾನು ಓದಿದೆ: "ಆಕಾಶ, ಎಂಬತ್ತೆರಡು ಕಿಲೋ. ಹತ್ತು ಕಿಲೋದ್ದು ಎಂಟು ಇಟ್ಟಿಗೆ, ಎರಡು ಕಿಲೋದ್ದು ಒಂದು ಮರಿ." ಅವನು ಎಣಿಸಿ ತೊಟ್ಟಿಲಿಗೆ ಹಾಕಿದ.

ಕೆಳಗೆ ಬಂದು ಹಗ್ಗ ಜಗ್ಗಿದರೆ ಪರದೆ ಮಿಸುಕಲಿಲ್ಲ.

"ತಮ್ಮಾ, ಇದು ಎಂಬತ್ತಲ್ಲ," ಎಂದ. "ಕೈ ಹೇಳ್ತಿದೆ. ಇನ್ನೂ ಬಹಳ ಬೇಕು."

ಅಷ್ಟರಲ್ಲಿ ಬಡಗಿ, ದೀಪದವನು, ರಾಣಿಯ ಪಾತ್ರ ಮಾಡುವಾಕೆ ಎಲ್ಲರೂ ಸುತ್ತ ಸೇರಿದ್ದರು. ಕೇಳುವವರಿದ್ದರೆ ನನ್ನ ನಾಲಿಗೆಗೆ ತಾಳ್ಮೆ ಇರುವುದಿಲ್ಲ. "ಅಣ್ಣಾ, ನಿನ್ನ ಕೈ ಇನ್ನೂ ಪೌಂಡಿನಲ್ಲೇ ಇದೆ. ಅದನ್ನೂ ಕಿಲೋಗೆ ಇಳಿಸ್ಬೇಕು ಕಣೋ! ಹೊಸ ಹಗ್ಗ, ಹೊಸ ಚಪ್ಪಲಿ ಇದ್ದ ಹಾಗೆ, ಎರಡು ದಿನ ಕಚ್ಚುತ್ತೆ," ಎಂದೆ. ರಾಣಿ ಬಿದ್ದು ಬಿದ್ದು ನಕ್ಕಳು. ಹಗ್ಗದಣ್ಣನೂ ನಕ್ಕ, ಸ್ವಲ್ಪ ತಡವಾಗಿ. ಕೈಯನ್ನು ಪಂಚೆಗೆ ಒರೆಸಿಕೊಂಡು, "ಕಾಗದದಲ್ಲಿ ಇದೆ ಅಂದ್ಮೇಲೆ ಇರ್ಲಿ ಬಿಡು" ಎಂದ.

ಬಡಗಿ, ದೀಪದವನು, ಅವನು, ಮೂವರೂ ಸೇರಿ ದಮ್ಮು ಕಟ್ಟಿ ಎಳೆದು ಮೇಲಕ್ಕೆ ಮುಟ್ಟಿಸಿ, ಜಾರದಂತೆ ಹಗ್ಗಕ್ಕೆ ಕಬ್ಬಿಣದ ಬೀಗ ಹಾಕಿದರು. ಚಪ್ಪಲಿಯ ಮಾತು ಚೆನ್ನಾಗಿತ್ತು. ಮುಂದಿನ ಚಟಾಕಿಯಲ್ಲಿ ಬಳಸಿಕೊಳ್ಳಬೇಕು.

ಸೆಪ್ಟೆಂಬರ್ 9, ಮಂಗಳವಾರ

ಹಗ್ಗದಣ್ಣನ ಕೈ ಹೋಯಿತು.

ಮಧ್ಯಾಹ್ನ ಮೂರಕ್ಕೆ ತಾಲೀಮು. ರಾಣಿ ರಂಗದ ನಡುವೆ ಒಬ್ಬಳೇ ಕೂತು ಅಳುವ ದೃಶ್ಯ. ಅವಳ ಬೆನ್ನ ಹಿಂದೆ ಆಕಾಶ ನಿಧಾನ ಇಳಿಯಬೇಕು. ಹಗ್ಗದಣ್ಣ ಬೀಗ ತೆಗೆದ. ಆಕಾಶ ಇಳಿಯಲಿಲ್ಲ, ಬಿತ್ತು. ಅವನು ಹಗ್ಗ ಬಿಡಲಿಲ್ಲ. ಎರಡೂ ಅಂಗೈಯೊಳಗಿಂದ ಹಗ್ಗ ಓಡಿತು, ಅವನನ್ನೇ ಎರಡು ಆಳು ಎತ್ತರ ಎತ್ತಿಕೊಂಡು ಹೋಯಿತು, ಅಲ್ಲಿಂದ ಬಿದ್ದ. ಅವನು ಹಿಡಿದುಕೊಂಡಿದ್ದ ಆ ಒಂದು ಗಳಿಗೆಯಲ್ಲಿ ರಾಣಿ ಎದ್ದು ಪಕ್ಕಕ್ಕೆ ಹಾರಿದಳು. ಅವಳು ಕೂತಿದ್ದ ಕುರ್ಚಿ ಪುಡಿಯಾಗಿದೆ.

ಹಗ್ಗದ ಮೇಲೆ ಏನು ಅಂಟಿತ್ತು ಎಂದು ಬರೆಯಲಾರೆ.

ಸೆಪ್ಟೆಂಬರ್ 10, ಬುಧವಾರ

ಆಸ್ಪತ್ರೆಗೆ ಹೋಗಿದ್ದೆ. ಭುಜ ಕೂಡಿಸಿದ್ದಾರೆ. ಎರಡೂ ಕೈಗೆ ಮೊಣಕೈವರೆಗೆ ಬಟ್ಟೆ ಸುತ್ತಿದ್ದಾರೆ. ಬೆರಳು ಪೂರ್ತಿ ಮಡಚಲು ಬರುತ್ತದೋ ಇಲ್ಲವೋ, ನಾಲ್ಕು ವಾರ ಬಿಟ್ಟು ಹೇಳುತ್ತಾರಂತೆ. ಅವನ ಮಗಳು, ನಮ್ಮಲ್ಲೇ ವೇಷಭೂಷಣ ಹೊಲಿಯುವವಳು, ಬಾಯಿಗೆ ನೀರು ಕುಡಿಸುತ್ತಿದ್ದಳು. "ಬನ್ನಿ ಚಿಕ್ಕಪ್ಪ" ಎಂದು ಸ್ಟೂಲು ಎಳೆದುಕೊಟ್ಟಳು.

"ರಾಣಿಗೆ ಏನೂ ಆಗ್ಲಿಲ್ಲ ತಾನೆ ತಮ್ಮಾ?" ಎಂದು ಕೇಳಿದ. ಇಲ್ಲ ಎಂದೆ. ಕಣ್ಣು ಮುಚ್ಚಿಕೊಂಡ. ಏನಾದರೂ ನಗೆಯ ಮಾತು ಹೇಳಬೇಕೆಂದು ಹುಡುಕಿದೆ. "ಈಗ ನೀನು ಬಾಕ್ಸಿಂಗ್ ಚಾಂಪಿಯನ್ ಹಾಗೆ ಕಾಣ್ತೀಯ" ಎಂದೆ. ಮಗಳು ಮರ್ಯಾದೆಗೆ ನಕ್ಕಳು.

ರಾಟೆ ಕೆಟ್ಟಿರಬೇಕು ಎಂದು ಬಡಗಿ ಹೇಳುತ್ತಾನೆ. ಇರಬಹುದು. ಹಳೆಯ ರಾಟೆಗಳು.

ಸೆಪ್ಟೆಂಬರ್ 12, ಶುಕ್ರವಾರ

ರಾಟೆ ಸರಿಯಾಗಿದೆ.

ವರದಿ ಬರೆದುಕೊಡಿ ಎಂದು ಮ್ಯಾನೇಜರ್ ಹೇಳಿದ್ದರಿಂದ ಹಳೆಯ ಪಟ್ಟಿಯನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತೆ. ಹಳೆಯ ಪಟ್ಟಿಯಲ್ಲಿ ನಲವತ್ತೆರಡು ಸಾಲು ಮಾಸಿದ ಕಪ್ಪು ಶಾಯಿಯಲ್ಲಿವೆ, ನನಗಿಂತ ಹಿಂದಿದ್ದ ಗುಮಾಸ್ತರ ಕೈಬರಹ. ಮೇಲೆ ಒಂದೇ ಒಂದು ಕಡೆ 'ಪೌಂಡ್' ಎಂದಿದೆ. ನಲವತ್ತಮೂರನೆಯ ಸಾಲು ನೀಲಿ ಶಾಯಿ. 'ಹೊಸ ಆಕಾಶ, ಪೈಪು ಸಮೇತ, 180.'

ಆ ನೀಲಿ ಸಾಲು ನನ್ನದು. ಜುಲೈ ತಿಂಗಳಲ್ಲಿ ಬಟ್ಟೆ ಬಂದ ದಿನ, ಮಾರಿದವರ ಚೀಟಿ ನೋಡಿ ನಾನೇ ಬರೆದದ್ದು. ಚೀಟಿ ಇನ್ನೂ ಅಲ್ಲೇ ಗುಂಡುಸೂಜಿಯಲ್ಲಿ ಇದೆ: ನೂರ ಎಂಬತ್ತು ಕಿಲೋ. ಮೊದಲೇ ಕಿಲೋದಲ್ಲಿದ್ದ ಆಕಾಶವನ್ನು ಪೌಂಡೆಂದುಕೊಂಡು ನಾನು ಇನ್ನೊಂದು ಸಲ ಕಿಲೋಗೆ ಇಳಿಸಿದೆ. ಎಂಬತ್ತೆರಡು. ತೊಟ್ಟಿಲಿಗೆ ತೊಂಬತ್ತೆಂಟು ಕಿಲೋ ಕಡಿಮೆ ಬಿತ್ತು. ಹದಿನೆಂಟು ಇಟ್ಟಿಗೆ ಬೇಕಿದ್ದ ಕಡೆ ಎಂಟು ಇಟ್ಟಿಗೆ ಮತ್ತೊಂದು ಮರಿ.

ಬೇರೆ ಯಾರು ಮಾಡಿದ್ದರೂ ಈ ತಪ್ಪು ಆಗುತ್ತಿರಲಿಲ್ಲ. ಬೇರೆಯವರು ಆ ನೀಲಿ ಶಾಯಿ ನೋಡಿ, ಇದು ಯಾಕೆ ಬೇರೆ ಎಂದು ಕೇಳುತ್ತಿದ್ದರು. ನನ್ನ ಅಕ್ಷರವಾದ್ದರಿಂದ ನನಗೆ ಅನುಮಾನವೇ ಬರಲಿಲ್ಲ.

ಪಟ್ಟಿಯನ್ನು ಹೀಗೇ ಬಿಡುವ ಹಾಗಿರಲಿಲ್ಲ. ನಾಳೆ ಇನ್ನೊಬ್ಬರ ತಲೆ ಮೇಲೆ ಬಿದ್ದೀತು. ಸರಿಪಡಿಸಿದೆ. ತಿದ್ದಿದ ಗುರುತು ಕಾಣುವುದು ಚೆನ್ನಾಗಿರುವುದಿಲ್ಲವೆಂದು ಇಡೀ ಹಾಳೆಯನ್ನೇ ಹೊಸದಾಗಿ ಬರೆದೆ. ಗೀಟು ಈ ಸಲ ಅಷ್ಟು ನೇರ ಬರಲಿಲ್ಲ. ಹಳೆಯ ಹಾಳೆಯನ್ನು ಹರಿಯಬೇಕೆಂದುಕೊಂಡು ಮಡಚಿ ಜೇಬಿಗೆ ಹಾಕಿದೆ.

ತಪ್ಪನ್ನು ಸರಿಪಡಿಸುವುದು ತಪ್ಪಲ್ಲವಲ್ಲ.

ಸೆಪ್ಟೆಂಬರ್ 13, ಶನಿವಾರ

ನಮ್ಮಾಕೆ: "ರೀ, ಎರಡು ದಿನದಿಂದ ನನ್ನ ಅಡುಗೆ ಮೇಲೆ ಒಂದೂ ಜೋಕಿಲ್ಲ. ಜ್ವರಾನಾ?"

ಜ್ವರವಿಲ್ಲ ಎಂದೆ. ಹಣೆ ಮುಟ್ಟಿ ನೋಡಿದಳು.

ಸೆಪ್ಟೆಂಬರ್ 15, ಸೋಮವಾರ

ಮ್ಯಾನೇಜರ್ ಕೋಣೆಯಲ್ಲಿ ಸಭೆ. ಬಡಗಿ, ದೀಪದವನು, ರಾಣಿ, ನಾನು. ಬಡಗಿ ತೊಟ್ಟಿಲಲ್ಲಿ ಎಂಟು ಇಟ್ಟಿಗೆ, ಒಂದು ಮರಿ ಸಿಕ್ಕಿದ್ದನ್ನು ಹೇಳಿದ. ಮ್ಯಾನೇಜರ್ ಫೈಲು ತೆರೆದರು. ನನ್ನ ಹೊಸ ಹಾಳೆ ಮೇಲೇ ಇತ್ತು. ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

"ನೋಡಿ, ಇಲ್ಲಿ ಎಷ್ಟು ಸ್ಪಷ್ಟವಾಗಿ ಬರೆದಿದೆ! ನೂರ ಎಂಬತ್ತು. ಹದಿನೆಂಟು ಇಟ್ಟಿಗೆ ಹಾಕೋ ಕಡೆ ಎಂಟು ಹಾಕಿದಾನೆ. ಓದೋಕೆ ಬರಲ್ಲ, ಎಲ್ಲಾ ನೆನಪಿನ ಮೇಲೆ. ನೆನಪಿಗೂ ವಯಸ್ಸಾಗುತ್ತಪ್ಪಾ."

"ಆದ್ರೆ ಅಣ್ಣ ಭಾರ ಇದೆ ಅಂದಿದ್ರು," ಎಂದ ದೀಪದವನು. "ಇವರು ಚಪ್ಪಲಿ ಗಿಪ್ಪಲಿ ಅಂತ ಏನೋ ಅಂದ್ರು."

ಎಲ್ಲರೂ ನನ್ನ ಕಡೆ ನೋಡಿದರು. ಬಾಯಿ ತೆರೆದೆ. ಬಂದದ್ದು ಇದು: "ನಾನು ತಮಾಷೆ ಮಾಡ್ದೆ ಅಷ್ಟೆ."

"ಇವರ ತಮಾಷೆಗೆ ಪರದೆ ಬೀಳಲ್ವಲ್ಲ," ಎಂದರು ಮ್ಯಾನೇಜರ್. ರಾಣಿ ನಕ್ಕಳು. ಸಭೆ ಮುಗಿಯಿತು.

ಇಷ್ಟು ದಿನ ಸುಮ್ಮನಿದ್ದೆ, ಅದು ಒಂದು. ಇವತ್ತು ನನ್ನ ಹಾಳೆ ಅವನ ವಿರುದ್ಧ ಸಾಕ್ಷಿ ಹೇಳಿತು, ನಾನು ಪಕ್ಕದಲ್ಲಿ ಕೂತು ಕೇಳಿದೆ.

ಸೆಪ್ಟೆಂಬರ್ 16, ಮಂಗಳವಾರ

ಹೋಗಲಿಲ್ಲ. ಹೊಟ್ಟೆನೋವು ಎಂದು ಹೇಳಿ ಕಳಿಸಿದೆ. ಸುಳ್ಳು ಹೇಳಿದ ಮೇಲೆ ನಿಜವಾಗಿಯೇ ನೋಯಿತು.

ಸೆಪ್ಟೆಂಬರ್ 18, ಗುರುವಾರ

ಹಗ್ಗದಣ್ಣನ ಮಗಳು ಊಟದ ಹೊತ್ತಿಗೆ ಕಚೇರಿಗೆ ಬಂದಳು. ಕೊರಳಲ್ಲಿ ಅಳತೆಯ ಟೇಪು, ರವಿಕೆಯ ತೋಳಿಗೆ ಸೂಜಿ ಚುಚ್ಚಿಕೊಂಡಿದ್ದಳು. ಕೂತುಕೊಳ್ಳಮ್ಮ ಎಂದರೂ ಕೂರಲಿಲ್ಲ.

"ಚಿಕ್ಕಪ್ಪ, ಒಂದು ಉಪಕಾರ ಆಗ್ಬೇಕು. ಅಪ್ಪ ತಪ್ಪೊಪ್ಪಿಗೆ ಬರೆದುಕೊಟ್ರೆ ಕೆಲಸದಿಂದ ತೆಗೆಯಲ್ಲ, ಬಾಗಿಲ ಹತ್ರ ಟಿಕೆಟ್ ಹರಿಯೋಕೆ ಇಟ್ಕೋತೀನಿ ಅಂತ ಮ್ಯಾನೇಜರ್ ಹೇಳಿದಾರೆ. ನನಗೆ ಬಟ್ಟೆ ಕತ್ತರಿಸೋಕೆ ಬರುತ್ತೆ, ಮಾತು ಜೋಡಿಸೋಕೆ ಬರಲ್ಲ. ನೀವು ಬರೆದ್ರೆ ಕಲ್ಲೂ ಕರಗುತ್ತೆ."

"ಅವನು ಏನಂತಾನೆ?" ಎಂದೆ.

"ಎಂಟು ಹಾಕಿದ್ದು ನೆನಪಿದೆ ಅಂತಾರೆ. ಕಾಗದದಲ್ಲಿ ಹದಿನೆಂಟರ ಲೆಕ್ಕ ಇದೆ ಅಂದ್ರೆ ತಮ್ಮ ಹದಿನೆಂಟೇ ಹೇಳಿರ್ತಾನೆ, ನಾನೇ ಮರೆತಿದೀನಿ ಅಂತಾರೆ. ನೀವು ಸುಳ್ಳು ಹೇಳಲ್ಲ ಅಂತ ಅವರಿಗೆ ಗೊತ್ತು."

ಬರೆದುಕೊಡುತ್ತೇನೆ ಎಂದೆ. ಆಗ ಹೇಳಬಹುದಾಗಿತ್ತು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು, ಬಾಗಿಲೂ ಮುಚ್ಚಿತ್ತು. ಬರೆದುಕೊಡುತ್ತೇನಮ್ಮ, ನಾಳೆ ಬಾ ಎಂದೆ.

ಸೆಪ್ಟೆಂಬರ್ 19, ಶುಕ್ರವಾರ

ಬರೆದೆ. ಕೆಟ್ಟದಾಗಿ ಬರೆಯಬೇಕೆಂದು ಕೂತೆ. ಮೊದಲ ಕರಡನ್ನು ಸಾಧಾರಣವಾಗಿ ಬರೆದು ಬಿಟ್ಟುಬಿಡಬೇಕೆಂದಿದ್ದೆ. ಆದರೆ ಕೈಗೆ ಅಭ್ಯಾಸ. 'ಮೂವತ್ತೊಂದು ವರ್ಷ ಅರಮನೆಗಳನ್ನು ಎತ್ತಿದ ಕೈ, ಒಂದು ದಿನ ಎಣಿಕೆಯಲ್ಲಿ ಸೋತಿತು.' ಇದನ್ನು ಬರೆದು, ಸೋತಿತು ಎನ್ನುವುದಕ್ಕಿಂತ ಎಡವಿತು ಚೆನ್ನ ಎಂದು ತಿದ್ದಿದೆ. ಎಡವುವುದು ಕಾಲಲ್ಲವೇ ಎಂದು ಮತ್ತೆ ಸೋತಿತು ಮಾಡಿದೆ. ನನ್ನ ತಪ್ಪನ್ನು ಇನ್ನೊಬ್ಬನ ಬಾಯಿಗೆ ಹಾಕುವ ಪತ್ರದಲ್ಲಿ ಪದಕ್ಕೆ ಪದ ತೂಗಿ ನೋಡಿದೆ. ಅರ್ಧ ಗಂಟೆ ತಗೊಂಡಿತು. ಬರೆಯುವಾಗ, ಹೇಳಲು ನಾಚಿಕೆಯಾಗುತ್ತದೆ, ಸ್ವಲ್ಪ ಖುಷಿಯೂ ಆಯಿತು.

ಮಗಳು ಓದಿ ಅತ್ತಳು. "ಅಪ್ಪನೇ ಮಾತಾಡಿದ ಹಾಗಿದೆ" ಎಂದಳು. ಅವನ ಹೆಬ್ಬೆರಳು ಬಟ್ಟೆಯೊಳಗಿದೆ, ಗುರುತು ಹೇಗೆ ಹಾಕುವುದು ಎಂದು ಕೇಳಿದಳು. ನೀನೇ ಅವನ ಪರವಾಗಿ ಹಾಕು ಎಂದು ಹೇಳಿಕೊಟ್ಟೆ.

ಸೆಪ್ಟೆಂಬರ್ 20, ಶನಿವಾರ

ಕನ್ನಡಿ ನೋಡದೆ ಗಡ್ಡ ಕೆರೆದುಕೊಂಡೆ. ಎರಡು ಕಡೆ ಗಾಯ.

ಸೆಪ್ಟೆಂಬರ್ 22, ಸೋಮವಾರ

ತಾಲೀಮಿನ ಮೊದಲು ಮ್ಯಾನೇಜರ್ ಎಲ್ಲರನ್ನೂ ರಂಗದ ಮೇಲೆ ನಿಲ್ಲಿಸಿ ಆ ಪತ್ರವನ್ನು ಗಟ್ಟಿಯಾಗಿ ಓದಿದರು. 'ಎಣಿಕೆಯಲ್ಲಿ ಸೋತಿತು' ಬಂದಾಗ ರಾಣಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಬಡಗಿ ತಲೆ ತಗ್ಗಿಸಿದ. ಎಲ್ಲರೂ ಅವನನ್ನು ಕ್ಷಮಿಸಿದರು. ನನ್ನ ಎದುರಿಗೇ, ನನ್ನ ವಾಕ್ಯಗಳನ್ನು ಕೇಳಿ, ಅವನನ್ನು ಕ್ಷಮಿಸಿದರು.

ಆಮೇಲೆ ಮ್ಯಾನೇಜರ್ ನನ್ನ ಬೆನ್ನು ತಟ್ಟಿ, "ಶೈಲಿ ಯಾರದ್ದು ಅಂತ ಗೊತ್ತಾಯ್ತು ಬಿಡಿ. ಮುದುಕನ ಮರ್ಯಾದೆ ಉಳಿಸಿದ್ರಿ" ಎಂದು ಕಿವಿಯಲ್ಲಿ ಹೇಳಿದರು.



ಸೆಪ್ಟೆಂಬರ್ 23, ಮಂಗಳವಾರ

ಜೇಬಿನಲ್ಲಿದ್ದ ಹಾಳೆಯನ್ನು ನಮ್ಮಾಕೆಯ ಮುಂದೆ ಇಟ್ಟೆ. ಪಕ್ಕದಲ್ಲಿ ಹಳೆಯ ಪಟ್ಟಿ, ಅದರ ಪಕ್ಕದಲ್ಲಿ ಚೀಟಿ. ಅವಳು ಮಕ್ಕಳ ಪುಸ್ತಕ ತಿದ್ದುವ ಹಾಗೆ ಬೆರಳಿಟ್ಟುಕೊಂಡು ಮೊದಲ ಸಾಲಿನಿಂದ ಬಂದಳು. ಕೊನೆಯ ಸಾಲಿಗೆ ಬಂದಾಗ ಬೆರಳು ನಿಂತಿತು.

"ಇದು ಯಾವಾಗ ಗೊತ್ತಾಯ್ತು?"

"ಹನ್ನೆರಡನೇ ತಾರೀಕು."

"ಇವತ್ತು ಇಪ್ಪತ್ತಮೂರು."

"ಹ್ಞೂಂ."

"ನಾನು ಕಣ್ಣಾಡಿಸ್ಲಾ ಅಂದಿದ್ದೆ," ಎಂದು ಹೇಳುತ್ತಾಳೆಂದು ಕಾದೆ. ಹೇಳಲಿಲ್ಲ. ಹಾಳೆಗಳನ್ನು ಜೋಡಿಸಿ ನನ್ನ ಕೈಗೆ ಕೊಟ್ಟು, "ನಮ್ಮ ಕ್ಲಾಸಲ್ಲಿ ಲೆಕ್ಕ ತಪ್ಪಿದ್ರೆ ನಾನು ಬೈಯಲ್ಲ ರೀ. ಪಕ್ಕದೋನ ಪುಸ್ತಕ ತನ್ನದು ಅಂತ ತೋರಿಸಿದ್ರೆ ಮಾತ್ರ ಹೊರಗೆ ನಿಲ್ಲಿಸ್ತೀನಿ. ನೀವು ನಿಮ್ಮ ಪುಸ್ತಕಾನ ಅವರ ಚೀಲಕ್ಕೆ ಹಾಕಿ ಬಂದಿದೀರಿ" ಎಂದಳು.

ಒಬ್ಬನೇ ಹೋಗುತ್ತೇನೆ, ನೀನು ಬರಬೇಡ ಎಂದೆ. ಬರುತ್ತೇನೆಂದು ಅವಳೇನೂ ಹೇಳಿರಲಿಲ್ಲ.

ಸೆಪ್ಟೆಂಬರ್ 24, ಬುಧವಾರ

ಹಗ್ಗದಣ್ಣನ ಮನೆ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಒಂದು ಮಂಚ. ಅವರು ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು, ಎರಡು ಕೈಗಳನ್ನೂ ತೊಡೆಯ ಮೇಲೆ ಬೇರೆ ಯಾರದೋ ಸಾಮಾನು ಎಂಬಂತೆ ಇಟ್ಟುಕೊಂಡು. ಮಗಳು ಯಂತ್ರ ತುಳಿಯುತ್ತಿದ್ದಳು.

"ಬಾ ತಮ್ಮಾ. ಪತ್ರ ಚೆನ್ನಾಗಿ ಬರೆದ್ಯಂತೆ."

ನಿಂತೇ ಹೇಳಿದೆ. ನಾನು ಎಂಟು ಅಂತಲೇ ಹೇಳಿದ್ದು. ನೀನು ಎಂಟೇ ಹಾಕಿದ್ದು. ಕಾಗದದಲ್ಲೂ ಎಂಬತ್ತೆರಡು ಅಂತಲೇ ಇತ್ತು. ಮೊದಲೇ ಕಿಲೋದಲ್ಲಿದ್ದದ್ದನ್ನು ನಾನು ಇನ್ನೊಂದು ಸಲ ಇಳಿಸಿದೆ. ಆಮೇಲೆ ಹಾಳೆ ಬದಲಾಯಿಸಿದೆ. ಇಷ್ಟು ಹೇಳಲು ಒಂದು ನಿಮಿಷವೂ ಬೇಕಾಗಲಿಲ್ಲ. ಇನ್ನೇನಾದರೂ ಸೇರಿಸೋಣವೆಂದರೆ ಏನೂ ಇರಲಿಲ್ಲ.

ಹೊಲಿಗೆ ಯಂತ್ರ ನಿಂತಿತು.

ಅವರು ತಲೆಯೆತ್ತಿ ಸೂರು ತೋರಿಸಿದರು. "ಅಲ್ಲಿ ಮರದ ಪಟ್ಟಿ ಎಷ್ಟಿವೆ?"

ನಾನು ಎಣಿಸತೊಡಗಿದೆ.

"ಇಪ್ಪತ್ತಾರು," ಎಂದರು. "ದಿನಾ ಬೆಳಿಗ್ಗೆ ಎದ್ದ ತಕ್ಷಣ ಎಣಿಸ್ತೀನಿ. ಸಂಜೆ ಇನ್ನೊಂದ್ಸಲ. ಕಿಟಕಿ ಸರಳು ಎಣಿಸ್ತೀನಿ. ಇವಳು ಊಟ ಮಾಡಿಸುವಾಗ ತುತ್ತು ಎಣಿಸ್ತೀನಿ. ತಲೆ ಕೆಡ್ತಾ ಇದೆಯೇನೋ, ನಾಳೆ ಮಗಳ ಹೆಸರೂ ಮರೆತುಬಿಡ್ತೀನೇನೋ ಅಂತ. ಅಪ್ಪಾ ಇವತ್ತು ಯಾವ ವಾರ ಹೇಳಿ ಅಂತ ಇವಳು ನಗ್ತಾ ಕೇಳ್ತಾಳೆ, ಪರೀಕ್ಷೆ ಮಾಡ್ತಿದಾಳೆ ಅಂತ ನನಗೆ ಗೊತ್ತಾಗಲ್ವಾ?"

ಮಗಳು ಮುಖ ಮುಚ್ಚಿಕೊಂಡಳು.

"ಕೈ ಹೋಗಿದ್ದಕ್ಕೆ ನನಗೇನೂ ಇಲ್ಲ. ಆ ಹುಡುಗಿ ಉಳೀತು. ಆದ್ರೆ ಒಂಬತ್ತು ದಿನ ನಾನು ನನ್ನನ್ನೇ ನಂಬ್ಲಿಲ್ಲ." ಗೋಡೆಯ ಕಡೆ ತಿರುಗಿ, "ನೀವು ಹೊರಡಿ ಸಾರ್" ಎಂದರು.

ಮೂವತ್ತೊಂದು ವರ್ಷದಲ್ಲಿ ಅವರು ಮ್ಯಾನೇಜರಿಗೂ ಸಾರ್ ಎಂದದ್ದನ್ನು ಯಾರೂ ಕೇಳಿಲ್ಲ. ಮಗಳು ಬಾಗಿಲವರೆಗೆ ಬಂದು, ನಾನು ಮೆಟ್ಟಿಲು ಇಳಿಯುವ ಮೊದಲೇ ಬಾಗಿಲು ಹಾಕಿಕೊಂಡಳು.

ಸೆಪ್ಟೆಂಬರ್ 25, ಗುರುವಾರ

ಮ್ಯಾನೇಜರಿಗೆ ಹೇಳಿದೆ. ಹಾಳೆ ಕೊಟ್ಟೆ. ಅವರು ಎದ್ದು ಹೋಗಿ ಬಾಗಿಲು ಭದ್ರ ಮಾಡಿಬಂದರು.

"ಯಾಕ್ರೀ ಹಳೇದನ್ನೆಲ್ಲ ಕೆದಕ್ತೀರಿ? ಆ ಮನುಷ್ಯ ಒಪ್ಕೊಂಡಾಯ್ತು, ಎಲ್ಲರೂ ಅತ್ತಾಯ್ತು. ಈಗ ನೀವು ಎದ್ದು ನಿಂತ್ರೆ ತಪಾಸಣೆಯವರು ಮತ್ತೆ ಬರ್ತಾರೆ, ನಾಟಕ ನಿಲ್ಲುತ್ತೆ. ಅವನನ್ನ ಹಗ್ಗಕ್ಕೇ ವಾಪಸ್ ತಗೋತೀನಿ, ಸರಿನಾ? ಇದು ಇಲ್ಲೇ ಇರ್ಲಿ."

"ಅವರು ಮರೆತಿದ್ರು ಅಂತ ಎಲ್ಲರೂ ನಂಬಿದಾರೆ ಸಾರ್."

"ಸ್ವಲ್ಪ ದಿನಕ್ಕೆ ಅದನ್ನೂ ಮರೀತಾರೆ."

ಕಚೇರಿಗೆ ಬಂದು ಒಂದು ಹಾಳೆ ತೆಗೆದುಕೊಂಡು ಬರೆದೆ, ರಂಗದ ಹಿಂದಿನ ಫಲಕಕ್ಕೆ ನಾಲ್ಕು ಗುಂಡುಸೂಜಿ ಹಾಕಿ ಸಿಕ್ಕಿಸಿದೆ. 'ಹೊಸ ಆಕಾಶದ ತೂಕ ನೂರ ಎಂಬತ್ತು ಕಿಲೋ. ನಾನು ಅದನ್ನು ಪೌಂಡೆಂದು ತಪ್ಪಾಗಿ ತಿಳಿದು ಎಂಬತ್ತೆರಡು ಎಂದು ಬರೆದೆ. ಎಂಟು ಇಟ್ಟಿಗೆ, ಒಂದು ಮರಿ ಹಾಕಲು ನಾನೇ ಹೇಳಿದೆ. ಭಾರ ಜಾಸ್ತಿ ಇದೆ ಎಂದು ಹಗ್ಗದಣ್ಣ ಹೇಳಿದರು, ನಾನು ಗೇಲಿ ಮಾಡಿದೆ. ಆಮೇಲೆ ಹಾಳೆ ಬದಲಾಯಿಸಿದೆ. ಸೋಮವಾರ ಓದಿದ ಪತ್ರವನ್ನು ಬರೆದವನು ನಾನು. ಅದರಲ್ಲಿರುವುದು ನಿಜವಲ್ಲ.' ಕೆಳಗೆ ರುಜು.

ರಾಣಿ ಓದಿದಳು. ಬಡಗಿ ಓದಿ ದೀಪದವನನ್ನು ಕರೆದ. ನಾನು ಬಂದರೆ ಮಾತು ನಿಲ್ಲುತ್ತದೆ.

ಅಕ್ಟೋಬರ್ 7, ಮಂಗಳವಾರ

ತಪಾಸಣೆಯವರು ಬಂದು ಹೋದರು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಕರಪತ್ರದ ಕೆಲಸ ಇನ್ನೊಬ್ಬರಿಗೆ ಹೋಗಿದೆ. ನಾನಿನ್ನೂ ಕಚೇರಿಯಲ್ಲಿದ್ದೇನೆ, ಎಷ್ಟು ದಿನ ಎಂದು ಗೊತ್ತಿಲ್ಲ. ನಲವತ್ತಮೂರು ಪರದೆಗಳನ್ನೂ ಒಂದೊಂದಾಗಿ ಇಳಿಸಿ, ತಕ್ಕಡಿಗೆ ಹಾಕಿ ಹೊಸದಾಗಿ ತೂಗಿದ್ದೇವೆ. ಬಡಗಿ ಒಂದು ಸಲ ನೋಡಿ ಹೇಳುತ್ತಾನೆ, ನಾನು ಒಂದು ಸಲ ನೋಡಿ ಬರೆಯುತ್ತೇನೆ, ಬರೆದದ್ದನ್ನು ನಮ್ಮಾಕೆ ಮನೆಯಲ್ಲಿ ನೋಡುತ್ತಾಳೆ. ಪ್ರತಿ ಸಾಲಿನ ಮುಂದೂ 'ಕಿಲೋ' ಎಂದು ಬೇರೆಬೇರೆಯಾಗಿ ಬರೆದಿದ್ದೇನೆ.

ಅಕ್ಟೋಬರ್ 13, ಸೋಮವಾರ

ಹಗ್ಗದಣ್ಣ ಬಂದಿದ್ದರು. ಬೆರಳು ಅರ್ಧ ಮಡಚುತ್ತವೆ, ಎಳೆಯಲು ಬರುವುದಿಲ್ಲ. ನಿಂತು ಬೇರೆಯವರಿಂದ ಎಳೆಸಲು ಬರುತ್ತದೆ. ಮ್ಯಾನೇಜರ್ ಹೂವಿನಂತೆ ನಡೆಸಿಕೊಂಡರು. "ಏನು ಬೇಕೋ ಕೇಳಿ ಅಣ್ಣಾ."

"ಒಂದೇ," ಎಂದರು. ನನ್ನ ಕಡೆ ನೋಡಲಿಲ್ಲ. "ಇನ್ನು ಮೇಲೆ ಯಾರು ತೂಕ ಬರೀತಾರೋ ಅವರು ಪರದೆ ಕೆಳಗೆ ನಿಂತ್ಕೋಬೇಕು. ನಾನು ಬೀಗ ತೆಗೆಸುವಾಗ."

"ಅಣ್ಣಾ, ಅದು ಅಪಾಯ ಅಲ್ವಾ?" ಎಂದರು ಮ್ಯಾನೇಜರ್.

"ಲೆಕ್ಕ ಸರಿಯಿದ್ರೆ ಏನು ಅಪಾಯ?"

ನಿಲ್ಲುತ್ತೇನೆ ಎಂದೆ.

ಅಕ್ಟೋಬರ್ 14, ಮಂಗಳವಾರ

ಮಧ್ಯಾಹ್ನ ನಾಲ್ಕು ಗಂಟೆ. ಮೊದಲು ಆಕಾಶವೇ ಆಗಲಿ ಎಂದರು. ಆಕಾಶ ಮೇಲಿತ್ತು, ಬೀಗ ಹಾಕಿತ್ತು. ಬೀಗದ ಹತ್ತಿರ ಬಡಗಿ, ಅವನ ಪಕ್ಕದಲ್ಲಿ ಹಗ್ಗದಣ್ಣ, ಕೈಗೆ ಹತ್ತಿಯ ಗವಸು. ರಾಣಿ, ದೀಪದವನು, ಹಗ್ಗದಣ್ಣನ ಮಗಳು ಒಂದು ಪಕ್ಕದಲ್ಲಿ ನಿಂತಿದ್ದರು. ನಾನು ನಡುವೆ ಹೋಗಿ ನಿಂತೆ.

"ಎಷ್ಟು ಸಾರ್?"

"ನೂರ ಎಂಬತ್ತು ಕಿಲೋ. ಹದಿನೆಂಟು ಇಟ್ಟಿಗೆ."

"ಎಣಿಸಿದ್ರಾ?"

"ಬೆಳಿಗ್ಗೆ ಎಣಿಸಿದೆ."

"ಇನ್ನೊಂದ್ಸಲ ಎಣಿಸಿ ಬನ್ನಿ."

ಪಕ್ಕದ ಗೋಡೆಗೆ, ತೊಟ್ಟಿಲು ಇಳಿದು ನಿಂತಲ್ಲಿಗೆ ಹೋದೆ. ಪ್ರತಿ ಇಟ್ಟಿಗೆಯನ್ನೂ ಮುಟ್ಟಿ ಎಣಿಸಿದೆ. ಹದಿನೆಂಟು. ನಂಬಿಕೆ ಸಾಲದೆ ಮೇಲಿನಿಂದ ಕೆಳಕ್ಕೂ ಎಣಿಸಿದೆ. ವಾಪಸ್ ಬಂದು ಅದೇ ಜಾಗದಲ್ಲಿ ನಿಂತೆ. ತಲೆಯೆತ್ತಿದರೆ ಕಂಡದ್ದು ಮೋಡವಲ್ಲ, ಸೂರ್ಯನೂ ಅಲ್ಲ. ಪೈಪಿಗೆ ಬಟ್ಟೆ ಕಟ್ಟಿದ ಗಂಟುಗಳ ಸಾಲು.

"ಅಣ್ಣಾ," ಎಂದೆ, "ನಿಮ್ಮ ಕೈ ಏನು ಹೇಳುತ್ತೆ? ಒಂದ್ಸಲ ಹಗ್ಗ ಮುಟ್ಟಿ ನೋಡ್ತೀರಾ?"

ಅವರು ಬಲಗೈಯ ಗವಸನ್ನು ಹಲ್ಲಿನಿಂದ ಎಳೆದು ತೆಗೆದರು. ಅಂಗೈಯಲ್ಲಿ ಗೆರೆಗಳೇ ಇಲ್ಲ, ನುಣುಪಾದ ಕೆಂಪು. ಆ ಅಂಗೈಯನ್ನು ಹಗ್ಗದ ಮೇಲೆ ಇಟ್ಟು, ಸುಮ್ಮನೆ, ಸ್ವಲ್ಪ ಹೊತ್ತು ನಿಂತರು.

"ಬಿಡು," ಎಂದರು ಬಡಗಿಗೆ.

ಬೀಗ ಕಳಚಿದ ಸದ್ದು ಕೇಳಿತು. ಕಣ್ಣು ಮುಚ್ಚಬೇಕೆನಿಸಿತು, ಮುಚ್ಚಲಿಲ್ಲ. ಆಕಾಶ ಇದ್ದಲ್ಲೇ ಇತ್ತು.

ರಾಣಿ ಉಸಿರು ಬಿಟ್ಟಳು. ನಾನು ಅವರ ಮುಖ ನೋಡಿದೆ. ಅವರು ಆಗಲೇ ಗವಸು ಹಾಕಿಕೊಂಡು ಪಕ್ಕದ ಹಗ್ಗದ ಹತ್ತಿರ ಹೋಗಿದ್ದರು.

"ಅರಮನೆ," ಎಂದರು. "ಎಷ್ಟು ಸಾರ್?"

ಇನ್ನು ನಲವತ್ತೆರಡು ಇದ್ದವು. ಅರಮನೆಯ ತೊಟ್ಟಿಲಿನ ಕಡೆ ನಡೆದೆ.